ಶಾಲಾ ಹುಡುಗನ ಕೈಯಲ್ಲಿ ಹುಟ್ಟಿದ ವಾದ್ಯ

ಮನೆಗೊಂದು ರೇಡಿಯೋ ಇದ್ದರೆ ಅದೇ ದೊಡ್ಡ ಸಂಪತ್ತು ಎನ್ನುವಂತಿದ್ದ ದಿನಗಳಲ್ಲಿ, ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮೊದಲು ಒಂದೆರಡು ನಿಮಿಷ ಉಳಿದರೆ ಯಾವುದೋ ಚಿತ್ರಗೀತೆಯ ಧಾಟಿ ವಾದ್ಯದಲ್ಲಿ ತೇಲಿಬರುತ್ತಿತ್ತು. ಹಾಡುವವರಿಲ್ಲ, ಆದರೂ ಯಾರೋ ಹಾಡಿದ ಹಾಗೇ ಕೇಳುತ್ತಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡು ಹೋಗುವ, ನಿಂತಲ್ಲೂ ಸಣ್ಣಗೆ ನಡುಗುವ ನಾದ ಅದು. ಅದಕ್ಕೆ ‘ಹವಾಯಿಯನ್ ಗಿಟಾರ್’ ಎನ್ನುತ್ತಾರೆಂದು ಬಹಳ ಜನಕ್ಕೆ ಗೊತ್ತಿತ್ತು. ಹವಾಯಿ ಎಲ್ಲಿದೆ ಎಂಬುದು ಮಾತ್ರ ಅಷ್ಟು ಜನಕ್ಕೆ ಗೊತ್ತಿರಲಿಲ್ಲ!

ಪೆಸಿಫಿಕ್ ಸಾಗರದ ನಟ್ಟನಡುವೆ, ಅಮೆರಿಕದ ಕ್ಯಾಲಿಫೋರ್ನಿಯಾ ತೀರದಿಂದ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ದ್ವೀಪಗಳ ಸಾಲೇ ಹವಾಯಿ. 1959ರಿಂದ ಅದು ಅಮೆರಿಕದ ಐವತ್ತನೆಯ ರಾಜ್ಯ. ಅಲ್ಲಿನವರು ಈ ವಾದ್ಯವನ್ನು ತಮ್ಮ ಭಾಷೆಯಲ್ಲಿ ‘ಕೀಕಾ ಕಿಲ’ ಎಂದು ಕರೆಯುತ್ತಾರೆ. ‘ಕೀಕಾ’ ಎಂದರೆ ಗಿಟಾರ್, ‘ಕಿಲ’ ಎಂದರೆ ಉಕ್ಕು. ಹೊರಗಿನ ಜಗತ್ತಿಗೆ ಅದು ಸ್ಟೀಲ್ ಗಿಟಾರ್. ವಾದ್ಯವೇ ಉಕ್ಕಿನದು ಎಂದು ಇದರಿಂದ ತಿಳಿಯಬೇಕಿಲ್ಲ. ತಂತಿಗಳ ಮೇಲೆ ಜಾರಿಸುವ ಉಕ್ಕಿನ ತುಂಡಿನಿಂದ ಈ ಹೆಸರು ಬಂದಿದೆ.

ಈ ವಾದ್ಯದ ಕಥೆಯಲ್ಲಿ ಒಂದು ವಿಚಿತ್ರವಿದೆ. ಅದನ್ನು ಕಂಡುಹಿಡಿದವನು ಒಬ್ಬ ಶಾಲಾ ಹುಡುಗ. ಅಲ್ಲಿಂದ ಅದು ಅಮೆರಿಕ, ಯೂರೋಪ್, ಜಪಾನ್, ಭಾರತಗಳನ್ನೆಲ್ಲ ಸುತ್ತಿ ಬಂತು. ಆದರೆ ನೂರು ವರ್ಷ ತುಂಬುವ ಹೊತ್ತಿಗೆ ಅದರ ತವರಿನಲ್ಲೇ ಅದನ್ನು ನುಡಿಸಬಲ್ಲ ಎಳೆಯರು ವಿರಳವಾಗಿಬಿಟ್ಟರು. ಶಾಲಾ ಹುಡುಗನ ವಾದ್ಯವನ್ನು ಮತ್ತೆ ಶಾಲಾಮಕ್ಕಳಿಗೆ ಪರಿಚಯಿಸಬೇಕಾದ ಕಾಲ ಬಂತು.

ಬಾಚಣಿಗೆ, ಚೂರಿ, ಉಕ್ಕಿನ ತುಂಡು

ಆ ಹುಡುಗನ ಹೆಸರು ಜೋಸೆಫ್ ಕೆಕುಕು. ಹುಟ್ಟಿದ್ದು 1874ರಲ್ಲಿ, ಒವಾಹು ದ್ವೀಪದ ಲಾಯಿಯೆ ಎಂಬ ಹಳ್ಳಿಯಲ್ಲಿ. ರೈಲು ಹಳಿಯ ಬದಿಯಲ್ಲಿ ನಡೆದು ಹೋಗುತ್ತಿದ್ದಾಗ ಕೆಳಗೆ ಬಿದ್ದಿದ್ದ ಒಂದು ಬೋಲ್ಟನ್ನು ಎತ್ತಿಕೊಂಡ, ಅದು ಗಿಟಾರಿನ ತಂತಿಗೆ ತಾಗಿದಾಗ ಹೊಸ ನಾದ ಕೇಳಿಸಿತು ಎಂದು ಒಂದು ಕಥೆ. ಬಾಚಣಿಗೆ ತಂತಿಯ ಮೇಲೆ ಬಿತ್ತು ಎಂದು ಇನ್ನೊಂದು ಕಥೆ. ಜೇಬಿನ ಚೂರಿಯ ಬೆನ್ನನ್ನು ತಂತಿಗೆ ಒತ್ತಿ ನೋಡಿದ ಎಂದು ಮತ್ತೊಂದು. ಯಾವುದು ನಿಜ, ಯಾವುದು ಆಮೇಲೆ ಸೇರಿದ್ದು ಎಂದು ಈಗ ಬಿಡಿಸಿ ಹೇಳುವುದು ಕಷ್ಟ. ಆದರೆ ಎಲ್ಲ ಕಥೆಗಳೂ ಕೊನೆಗೆ ಬಂದು ಸೇರುವುದು ಒಂದೇ ಜಾಗಕ್ಕೆ: ಹೊನೊಲುಲುವಿನ ಕಮೆಹಮೆಹಾ ಬಾಲಕರ ಶಾಲೆಗೆ.

ಹವಾಯಿಯ ರಾಜಮನೆತನದ ಬರ್ನೀಸ್ ಪವಾಹಿ ಬಿಷಪ್ ಎಂಬಾಕೆ ತನ್ನ ಜಮೀನನ್ನೆಲ್ಲ ಹವಾಯಿ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟು ತೀರಿಕೊಂಡಳು. ಆ ಉಯಿಲಿನಂತೆ 1887ರಲ್ಲಿ ತೆರೆದದ್ದು ಈ ಶಾಲೆ. ಅಲ್ಲಿ ಓದಿನ ಜೊತೆ ಬಡಗಿ ಕೆಲಸ, ಲೋಹದ ಕೆಲಸ ಮುಂತಾದ ಕಸುಬುಗಳನ್ನೂ ಕಲಿಸುತ್ತಿದ್ದರು. 1889ರಲ್ಲಿ ಅಲ್ಲಿಗೆ ಸೇರಿದ ಕೆಕುಕು ಆ ಕಾರ್ಯಾಗಾರದಲ್ಲೇ ತನಗೆ ಬೇಕಾದಂಥ ನುಣುಪಾದ ಉಕ್ಕಿನ ತುಂಡೊಂದನ್ನು ಮಾಡಿಕೊಂಡ. ಗಿಟಾರನ್ನು ಎದೆಗೆ ಆನಿಸುವ ಬದಲು ತೊಡೆಯ ಮೇಲೆ ಅಂಗಾತ ಮಲಗಿಸಿದ. ತಂತಿಗಳನ್ನು ಎತ್ತರಿಸಿ ಮೆಟ್ಟುಗಳಿಗೆ ತಾಗದಂತೆ ಮಾಡಿದ. ಬೆರಳಿನಿಂದ ಒತ್ತುವುದನ್ನು ಬಿಟ್ಟು ಉಕ್ಕನ್ನು ಮೇಲೆ ಜಾರಿಸಿದ. ಈ ವಿದ್ಯೆ ಕೈಗೆ ಹತ್ತಲು ಅವನಿಗೆ ಏಳು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಸಹಪಾಠಿಗಳು ನೋಡಿ ಕಲಿತರು. ಅವರಿಂದ ಊರು ಕಲಿಯಿತು, ಊರಿನಿಂದ ದ್ವೀಪಗಳೆಲ್ಲ ಕಲಿತವು.

ಈ ಶೋಧದ ಕೀರ್ತಿಗೆ ಬೇರೆ ಹಕ್ಕುದಾರರೂ ಇದ್ದಾರೆ. ಜೇಮ್ಸ್ ಹೋವಾ ಎಂಬೊಬ್ಬನ ಹೆಸರು ಕೇಳಿಬರುತ್ತದೆ. ಭಾರತೀಯ ಓದುಗರ ಕಿವಿ ನಿಮಿರುವಂತೆ ಮಾಡುವ ಹೆಸರು ಇನ್ನೊಂದಿದೆ: ಗೇಬ್ರಿಯಲ್ ಡೇವಿಯನ್. ಈತ ಭಾರತದಲ್ಲಿ ಹುಟ್ಟಿದವನು, ಹಡಗಿನ ಕಪ್ತಾನನೊಬ್ಬ ಇವನನ್ನು ಅಪಹರಿಸಿ ಹವಾಯಿಗೆ ತಂದ, 1880ರ ದಶಕದ ಮಧ್ಯದಲ್ಲೇ ಒಂದು ತಂತಿಯ ಮೇಲೆ ವಸ್ತುವೊಂದನ್ನು ಜಾರಿಸಿ ನುಡಿಸುತ್ತಿದ್ದ ಎಂದು ನಂತರದ ಕೆಲವು ಬರವಣಿಗೆಗಳು ಹೇಳುತ್ತವೆ. ಗೋಟುವಾದ್ಯದ ನಾಡಿನಿಂದ ಹೋದವನೊಬ್ಬ ಹೀಗೆ ನುಡಿಸಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಇದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಉಕ್ಕಿನ ತುಂಡಿಗೆ ಒಂದು ರೂಪ, ನುಡಿಸುವುದಕ್ಕೆ ಒಂದು ಕ್ರಮ ಕೊಟ್ಟು ಅದನ್ನು ನಾಲ್ಕು ಜನಕ್ಕೆ ಕಲಿಸಿದವನು ಕೆಕುಕು ಎಂಬುದನ್ನು ಮಾತ್ರ ಇವತ್ತು ಹೆಚ್ಚಿನವರು ಒಪ್ಪುತ್ತಾರೆ.

ದನ ಕಾಯುವವರು ತಂದ ಗಿಟಾರ್

ಗಿಟಾರ್ ಹವಾಯಿಯದೇನಲ್ಲ. ಅಲ್ಲಿನ ಮೂಲನಿವಾಸಿಗಳಿಗೆ ಇದ್ದ ತಂತಿವಾದ್ಯವೆಂದರೆ ‘ಉಕೇಕೆ’ ಎಂಬ ಚಿಕ್ಕ ಬಿಲ್ಲು. ಅದನ್ನು ಬಾಯಿಗೆ ಹಿಡಿದು ನುಡಿಸುತ್ತಿದ್ದರು. 1830ರ ದಶಕದಲ್ಲಿ ಅಲ್ಲಿನ ಅರಸು ದನಗಳನ್ನು ಪಳಗಿಸಲು ಮೆಕ್ಸಿಕೋ ಕಡೆಯ ಗೋಪಾಲಕರನ್ನು ಕರೆಸಿದ. ಅವರ ಕುದುರೆಯ ಜೀನಿನ ಜೊತೆ ಗಿಟಾರೂ ಬಂತು. 1879ರಲ್ಲಿ ಕಬ್ಬಿನ ತೋಟಗಳ ಕೆಲಸಕ್ಕೆ ಹಡಗಿನಲ್ಲಿ ಬಂದ ಪೋರ್ಚುಗೀಸರು ತಂದ ಪುಟ್ಟ ವಾದ್ಯವೇ ಮುಂದೆ ‘ಉಕುಲೇಲೆ’ ಆಯಿತು.

ಹೊರಗಿನಿಂದ ಬಂದದ್ದನ್ನು ಹವಾಯಿಯವರು ಇದ್ದ ಹಾಗೇ ಇಟ್ಟುಕೊಳ್ಳಲಿಲ್ಲ. ಗಿಟಾರಿನ ಕೆಲವು ತಂತಿಗಳನ್ನು ಸಡಿಲಿಸಿ, ಏನೂ ಒತ್ತದೆ ಮೀಟಿದರೂ ಇಂಪಾದ ಸ್ವರಮೇಳ ಹೊಮ್ಮುವಂತೆ ಶ್ರುತಿ ಮಾಡಿಕೊಂಡರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಗಾಂಧಾರ, ಪಂಚಮಗಳಷ್ಟೇ ಬಿಡಿ ತಂತಿಗಳಲ್ಲಿ ಕೇಳುವಂತೆ. ಕೆಕುಕುವಿನ ಪ್ರಯೋಗಕ್ಕೆ ದಾರಿ ತೆರೆದದ್ದೇ ಈ ಶ್ರುತಿ. ಎಲ್ಲ ತಂತಿಗಳಿಗೂ ಅಡ್ಡಲಾಗಿ ಒಂದು ಉಕ್ಕಿನ ಸರಳನ್ನು ಇಟ್ಟರೆ ಇಡೀ ಸ್ವರಮೇಳವೇ ಒಟ್ಟಿಗೆ ಮೇಲೆ ಹೋಗುತ್ತದೆ, ಒಟ್ಟಿಗೆ ಕೆಳಗಿಳಿಯುತ್ತದೆ. ಮಾಮೂಲು ಗಿಟಾರಿನ ಶ್ರುತಿಯಲ್ಲಿ ಹೀಗೆ ಮಾಡಿದರೆ ಕರ್ಕಶವಾಗಿ ಕೇಳುತ್ತಿತ್ತು.

ಅರವತ್ತು ಸೆಂಟಿಮೀಟರಿನ ಪಾಠ

ಮಕ್ಕಳಿಗೆ ಸ್ಟೀಲ್ ಗಿಟಾರನ್ನು ಪರಿಚಯಿಸಲು ಹೊರಟವರಿಗೆ ಒಂದು ದೊಡ್ಡ ಅನುಕೂಲವಿದೆ. ಈ ವಾದ್ಯದಲ್ಲಿ ಗುಟ್ಟೆಂಬುದೇ ಇಲ್ಲ. ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಕೊಳಲಿನೊಳಗೆ ಗಾಳಿ ಏನು ಮಾಡುತ್ತದೆಂದು ಮಗುವಿಗೆ ಕಾಣುವುದಿಲ್ಲ. ಹಾರ್ಮೋನಿಯಂ ಒಳಗಿನ ರೀಡು ಕಾಣುವುದಿಲ್ಲ. ಇಲ್ಲಿಯಾದರೋ ತಂತಿ ಕಾಣುತ್ತದೆ, ಸರಳು ಕಾಣುತ್ತದೆ, ಸರಳು ಸರಿದಂತೆ ಸ್ವರ ಏರುವುದು ಕೇಳುತ್ತದೆ.

ಒಂದು ತಂತಿಯ ಉದ್ದ ಅರವತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬಿಡಿಯಾಗಿ ಮೀಟಿದರೆ ಬರುವುದು ಷಡ್ಜ. ಸರಳನ್ನು ಸರಿಸಿ ನುಡಿಯುವ ಭಾಗವನ್ನು 48 ಸೆಂಟಿಮೀಟರಿಗೆ ಇಳಿಸಿದರೆ ಗಾಂಧಾರ, 45ಕ್ಕೆ ಇಳಿಸಿದರೆ ಮಧ್ಯಮ, 40ಕ್ಕೆ ತಂದರೆ ಪಂಚಮ, ಸರಿಯಾಗಿ ಅರ್ಧಕ್ಕೆ ಅಂದರೆ 30ಕ್ಕೆ ತಂದರೆ ತಾರಷಡ್ಜ. ಐದರಲ್ಲಿ ನಾಲ್ಕು, ನಾಲ್ಕರಲ್ಲಿ ಮೂರು, ಮೂರರಲ್ಲಿ ಎರಡು, ಎರಡರಲ್ಲಿ ಒಂದು. ಕಪ್ಪು ಹಲಗೆಯ ಮೇಲೆ ಒಣಗಿಹೋಗಿದ್ದ ಭಿನ್ನರಾಶಿ ಹೀಗೆ ಕಿವಿಯಲ್ಲಿ ಮೊಳಗತೊಡಗಿದರೆ ಗಣಿತದ ಮೇಷ್ಟರಿಗೂ ಸಂತೋಷವೇ. ಅಡಿಕೋಲು ಹಿಡಿದು ಅಳೆದು, ಮೀಟಿ, ಕೇಳಿ ಮಕ್ಕಳೇ ಪರೀಕ್ಷಿಸಬಹುದು.

ಇನ್ನೊಂದು ಚಮತ್ಕಾರವೂ ಇದೆ. ತಂತಿಯ ಸರಿಯಾದ ಮಧ್ಯಬಿಂದುವನ್ನು ಬೆರಳಿನಿಂದಲೋ ಅಂಗೈಯ ಅಂಚಿನಿಂದಲೋ ಮುಟ್ಟಿಯೂ ಮುಟ್ಟದ ಹಾಗೆ ಸೋಕಿಸಿ ಮೀಟಿದರೆ, ದೂರದ ಗಂಟೆಯಂಥ ತೆಳುವಾದ ನಾದವೊಂದು ಹೊಮ್ಮುತ್ತದೆ. ಹವಾಯಿ ವಾದಕರು ಹಾಡಿನ ಮಧ್ಯೆ ಅಲ್ಲಲ್ಲಿ ಉದುರಿಸುವ ಮುತ್ತುಗಳು ಇವೇ. ಕಟ್ಟಿದ ತಂತಿ ಒಟ್ಟಾಗಿ ನಡುಗುವುದರ ಜೊತೆಗೇ ಎರಡು, ಮೂರು, ನಾಲ್ಕು ಭಾಗಗಳಾಗಿಯೂ ನಡುಗುತ್ತಿರುತ್ತದೆ ಎಂಬ ಭೌತಶಾಸ್ತ್ರದ ಮಾತನ್ನು ಇದಕ್ಕಿಂತ ಸುಲಭವಾಗಿ ತೋರಿಸಲು ಸಾಧ್ಯವೇ?

ಸುಲಭ, ಆದರೂ ಕಷ್ಟ

ಮಾಮೂಲು ಗಿಟಾರ್ ಕಲಿಯಲು ಕೂತ ಮಗುವಿಗೆ ಮೊದಲು ಸಿಗುವುದು ಬೆರಳ ನೋವು. ಉಕ್ಕಿನ ತಂತಿಯನ್ನು ಒತ್ತಿ ಒತ್ತಿ ಬೆರಳ ತುದಿ ಕೆಂಪಾಗುತ್ತದೆ. ಚಿಕ್ಕ ಕೈ ಅಗಲವಾದ ಕತ್ತನ್ನು ಬಳಸಲಾರದು. ಸ್ಟೀಲ್ ಗಿಟಾರಿನಲ್ಲಿ ಈ ಎರಡು ತೊಂದರೆಯೂ ಇಲ್ಲ. ವಾದ್ಯ ತೊಡೆಯ ಮೇಲೆ ಮಲಗಿರುತ್ತದೆ. ಎಡಗೈಯಲ್ಲಿ ಸರಳು, ಅದನ್ನು ಒತ್ತುವುದಲ್ಲ, ಅದರ ಭಾರದಲ್ಲೇ ತಂತಿಯ ಮೇಲೆ ಕೂರಿಸುವುದು. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳ ತುದಿಗೆ ಸಿಕ್ಕಿಸಿಕೊಂಡ ನಖಿಗಳಿಂದ ಮೀಟುವುದು. ಮೊದಲ ದಿನವೇ, ಮೊದಲ ಐದು ನಿಮಿಷದಲ್ಲೇ, ಮಗುವಿನ ಕೈಯಿಂದ ‘ಹವಾಯಿ ಸದ್ದು’ ಬಂದುಬಿಡುತ್ತದೆ. ಮಗು ನಗುತ್ತದೆ. ಪರಿಚಯದ ಪಾಠಕ್ಕೆ ಇಷ್ಟು ಸಾಕು.

ಕಷ್ಟ ಶುರುವಾಗುವುದು ಆಮೇಲೆ. ಒತ್ತಿದರೆ ತಾನಾಗಿ ಸರಿಸ್ವರ ಕೊಡುವ ಮೆಟ್ಟು ಇಲ್ಲಿ ಕೆಲಸಕ್ಕಿಲ್ಲ. ಕತ್ತಿನ ಮೇಲಿರುವ ಗೆರೆಗಳು ಬರೀ ದಾರಿ ತೋರುವ ಮೈಲಿಗಲ್ಲುಗಳು. ಸರಳು ಕೂದಲೆಳೆಯಷ್ಟು ಆಚೀಚೆ ಆದರೂ ಅಪಸ್ವರ. ಅಲ್ಲಿ ಕಣ್ಣು ಸಹಾಯಕ್ಕೆ ಬರುವುದಿಲ್ಲ, ಕಿವಿಯೇ ಗುರು. ಸರಳಿನ ಹಿಂದೆ ಉಳಿದ ತಂತಿಯ ಭಾಗವೂ ಗುಂಯ್ ಎನ್ನುತ್ತದಾದ್ದರಿಂದ ಅದನ್ನು ಎಡಗೈಯ ಉಳಿದ ಬೆರಳುಗಳಿಂದ ಮೆತ್ತಗೆ ತಡೆಯಬೇಕು. ಬೇಡದ ತಂತಿಗಳನ್ನು ಬಲಗೈಯ ಅಂಗೈಯಿಂದ ಸುಮ್ಮನಾಗಿಸಬೇಕು. ಸರಳನ್ನು ಓರೆಯಾಗಿ ಹಿಡಿದು ಎರಡು ತಂತಿಗಳಲ್ಲಿ ಬೇರೆ ಬೇರೆ ಸ್ಥಾನ ಹಿಡಿಯುವುದಂತೂ ವರ್ಷಗಟ್ಟಲೆ ಸಾಧನೆಯ ಮಾತು. ಎಲ್ಲಕ್ಕಿಂತ ಮಿಗಿಲಾಗಿ, ಜಾರುವುದು ಸುಲಭವೆಂದು ಎಲ್ಲೆಲ್ಲೂ ಜಾರಿದರೆ ಸಂಗೀತ ಅಳುಬುರುಕಾಗುತ್ತದೆ. ಎಲ್ಲಿ ಜಾರಬೇಕು, ಎಲ್ಲಿ ನೇರವಾಗಿ ಹೋಗಿ ನಿಲ್ಲಬೇಕು ಎಂಬ ವಿವೇಕವೇ ಈ ವಾದ್ಯದ ಸಾರ.

ಆ ವಿವೇಕ ಬರುವುದು ಹಾಡುಗಾರಿಕೆಯಿಂದ. ಹವಾಯಿ ಹಾಡುಗಾರರಲ್ಲಿ ಎದೆಯ ದನಿಯಿಂದ ತಟ್ಟನೆ ಎತ್ತರದ ಕಳ್ಳದನಿಗೆ ಏರುವ ಒಂದು ಶೈಲಿಯಿದೆ. ದನಿ ಒಡೆಯುವ ಆ ಜಾಗವನ್ನು ಅವರು ಮುಚ್ಚಿಡುವುದಿಲ್ಲ, ಬೇಕೆಂದೇ ಕೇಳಿಸುತ್ತಾರೆ. ಸ್ಟೀಲ್ ಗಿಟಾರ್ ಅನುಸರಿಸುವುದು ಆ ದನಿಯನ್ನು. ಆದ್ದರಿಂದಲೇ ಮಕ್ಕಳಿಗೆ ಮೊದಲು ಹಾಡು, ಆಮೇಲೆ ವಾದ್ಯ ಎಂಬ ಕ್ರಮ ಅರ್ಥಪೂರ್ಣ. ನಮ್ಮಲ್ಲಿ ವೀಣೆಯ ಮೇಷ್ಟ್ರು ಶಿಷ್ಯನಿಗೆ ‘ಮೊದಲು ಬಾಯಲ್ಲಿ ಹಾಡು, ಆಮೇಲೆ ಕೈಯಲ್ಲಿ ನುಡಿಸು’ ಎನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಊರು ಬಿಟ್ಟ ವಾದ್ಯ

1904ರಲ್ಲಿ ಕೆಕುಕು ಹವಾಯಿ ಬಿಟ್ಟು ಅಮೆರಿಕದ ಮುಖ್ಯ ಭೂಮಿಗೆ ಹೋದ. 1912ರಲ್ಲಿ ‘ಬರ್ಡ್ ಆಫ್ ಪ್ಯಾರಡೈಸ್’ ಎಂಬ ನಾಟಕ ನ್ಯೂಯಾರ್ಕಿನಲ್ಲಿ ರಂಗವೇರಿ ಹವಾಯಿ ವಾದಕರನ್ನು ಪಟ್ಟಣದ ಜನರ ಮುಂದೆ ತಂದಿತು. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನದ ಹವಾಯಿ ಮಂಟಪಕ್ಕೆ ಜನ ಮುಗಿಬಿದ್ದರು. ಮುಂದಿನ ಕೆಲವು ವರ್ಷ ಅಮೆರಿಕದಲ್ಲಿ ಹವಾಯಿ ಸಂಗೀತದ ಗ್ರಾಮಾಫೋನ್ ತಟ್ಟೆಗಳಿಗೆ ಎಲ್ಲಿಲ್ಲದ ಬೇಡಿಕೆ. ಆ ಅಲೆಯ ಮೇಲೆ ತೇಲಿ ಕೆಕುಕು ಯೂರೋಪನ್ನೂ ಸುತ್ತಿದ. ಆದರೆ ಅವನಿಗೆ ತವರಿಗೆ ಮರಳುವ ಯೋಗವಿರಲಿಲ್ಲ. 1932ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

ಅದೇ ಹೊತ್ತಿಗೆ ಅವನ ವಾದ್ಯ ಇನ್ನೊಂದು ಇತಿಹಾಸಕ್ಕೂ ಕಾರಣವಾಯಿತು. ದೊಡ್ಡ ಸಭಾಂಗಣಗಳಲ್ಲಿ ಗಿಟಾರಿನ ದನಿ ಸಾಲದೆ ಹೋದಾಗ ಜಾರ್ಜ್ ಬೋಶಾಂಪ್ ಎಂಬಾತ ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ಸುರುಳಿಯ ಮೂಲಕ ವಿದ್ಯುತ್ತಾಗಿ ಬದಲಿಸುವ ಉಪಾಯ ಕಂಡುಹಿಡಿದ. 1932ರಲ್ಲಿ ಮಾರುಕಟ್ಟೆಗೆ ಬಂದ ಆ ವಾದ್ಯ, ದುಂಡಗಿನ ಮೈ ಮತ್ತು ಉದ್ದನೆಯ ಕತ್ತಿನಿಂದಾಗಿ ಬಾಣಲೆಯ ಹಾಗೆ ಕಾಣುತ್ತಿತ್ತು. ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದೇ ಕರೆದರು. ಲೋಕದಲ್ಲಿ ಯಶಸ್ವಿಯಾಗಿ ಮಾರಾಟವಾದ ಮೊದಲ ಎಲೆಕ್ಟ್ರಿಕ್ ಗಿಟಾರ್ ಅದು. ಅದನ್ನು ಮಾಡಿದ್ದು ರಾಕ್ ಸಂಗೀತಕ್ಕಲ್ಲ, ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಸಂಗೀತಕ್ಕೆ!

ಶಾಲಾಮಕ್ಕಳಿಗೂ ಈ ವಾದ್ಯಕ್ಕೂ ನಂಟು ಬೆಳೆದದ್ದು ಆಗಲೇ. 1930ರ ದಶಕದಲ್ಲಿ ಅಮೆರಿಕದ ಊರೂರಿನಲ್ಲಿ ಹವಾಯಿ ಗಿಟಾರಿನ ಪಾಠಶಾಲೆಗಳು ಎದ್ದವು. ಕ್ಲೀವ್‌ಲ್ಯಾಂಡಿನ ಓಆಹು ಎಂಬ ಪ್ರಕಾಶನ ಸಂಸ್ಥೆ ಪಾಠದ ಹಾಳೆಗಳನ್ನೂ ಗಿಟಾರುಗಳನ್ನೂ ಒಟ್ಟಿಗೆ ಮಾರಿತು. ಹವಾಯಿಯನ್ನು ನಕಾಶೆಯಲ್ಲೂ ಸರಿಯಾಗಿ ನೋಡಿರದ ಮಕ್ಕಳು ಸಾಲಾಗಿ ಕುಳಿತು ಒಟ್ಟಿಗೆ ಸರಳು ಜಾರಿಸಿದರು. ಹವಾಯಿಯ ಮಕ್ಕಳಿಗಿಂತ ಹೊರಗಿನ ಮಕ್ಕಳಿಗೇ ಪಾಠದ ಏರ್ಪಾಡು ಚೆನ್ನಾಗಿದ್ದ ಕಾಲ ಅದು.

ತವರಿನಲ್ಲಿ ಬರಗಾಲ

ಹವಾಯಿಯ ಮಕ್ಕಳಿಗೆ ಆಗ ಬೇರೆಯೇ ಬಗೆಯ ಪಾಠ ನಡೆಯುತ್ತಿತ್ತು. 1893ರಲ್ಲಿ ಅಲ್ಲಿನ ರಾಣಿ ಲಿಲಿಯುಕಲಾನಿಯನ್ನು ಗದ್ದುಗೆಯಿಂದ ಇಳಿಸಲಾಯಿತು. ‘ಅಲೋಹಾ ಓಯೆ’ ಎಂಬ ಜಗತ್ಪ್ರಸಿದ್ಧ ವಿದಾಯಗೀತೆಯನ್ನು ರಚಿಸಿದವಳು ಈಕೆಯೇ. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮ ಎಂಬ ಕಾನೂನು ಬಂತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಶಾಲೆಯಲ್ಲಿ ತಾಯ್ನುಡಿ ಆಡಿದ ಮಕ್ಕಳು ಶಿಕ್ಷೆಗೆ ಗುರಿಯಾದರು. ಒಂದೆರಡು ತಲೆಮಾರಿನಲ್ಲಿ ಅಜ್ಜಿಯ ಮಾತು ಮೊಮ್ಮಗುವಿಗೆ ಅರ್ಥವಾಗದ ಸ್ಥಿತಿ ಬಂತು. ಭಾಷೆ ಹೋದ ಮೇಲೆ ಹಾಡಿನ ಗತಿಯೇನು? ರಾಗ ಉಳಿಯಿತು, ಅರ್ಥ ಮಸುಕಾಯಿತು.

ಸ್ಟೀಲ್ ಗಿಟಾರ್ ಆಗ ಉಳಿದದ್ದು ಹೋಟೆಲುಗಳಲ್ಲಿ. 1935ರಿಂದ ವೈಕೀಕಿಯ ಮೊಆನಾ ಹೋಟೆಲಿನ ಆಲದ ಮರದ ಕೆಳಗಿನಿಂದ ‘ಹವಾಯಿ ಕಾಲ್ಸ್’ ಎಂಬ ರೇಡಿಯೋ ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. ಅಲೆಯ ಸದ್ದಿನೊಡನೆ ತೇಲಿಬರುತ್ತಿದ್ದ ಆ ವಾದ್ಯ ಪ್ರವಾಸಿಗಳನ್ನು ಕೈಬೀಸಿ ಕರೆಯಿತು. ನಲವತ್ತು ವರ್ಷ ನಡೆದ ಆ ಕಾರ್ಯಕ್ರಮ 1975ರಲ್ಲಿ ನಿಂತಿತು. ಅಷ್ಟರಲ್ಲಿ ಯುವಕರು ರಾಕ್ ಸಂಗೀತದ ಕಡೆ ಹೊರಳಿದ್ದರು. 1970ರ ದಶಕದಲ್ಲಿ ಹವಾಯಿ ಸಂಸ್ಕೃತಿಯ ಪುನರುಜ್ಜೀವನದ ಗಾಳಿ ಎದ್ದಾಗಲೂ ಲಾಭವಾದದ್ದು ಹೆಚ್ಚಾಗಿ ಹೂಲಾ ನೃತ್ಯಕ್ಕೆ, ಸಡಿಲ ಶ್ರುತಿಯ ಗಿಟಾರಿಗೆ, ಉಕುಲೇಲೆಗೆ. ಸ್ಟೀಲ್ ಗಿಟಾರಿನ ಮೇಲೆ ‘ಪ್ರವಾಸಿಗಳ ವಾದ್ಯ’ ಎಂಬ ಕಳಂಕ ಕೂತಿತ್ತು. ತಮ್ಮದನ್ನು ತಮ್ಮದೆಂದು ಗುರುತಿಸಲು ನಾಚುವ ಸ್ಥಿತಿ!

ಇನ್ನೊಂದು ಕಾರಣ ಕಲಾವಿದರಲ್ಲೇ ಇತ್ತು. ಹಳೆಯ ವಾದಕರಲ್ಲಿ ಎಷ್ಟೋ ಮಂದಿ ತಮ್ಮ ಶ್ರುತಿಯನ್ನು ಗುಟ್ಟಾಗಿಟ್ಟುಕೊಂಡಿದ್ದರು. ಬರೆದಿಟ್ಟ ಪಾಠವಿಲ್ಲ, ಶಿಷ್ಯರಿಲ್ಲ. ವಾದಕ ಕಣ್ಣು ಮುಚ್ಚಿದರೆ ಅವನ ವಿದ್ಯೆಯೂ ಅವನ ಜೊತೆಗೇ ಹೋಗುತ್ತಿತ್ತು.

ಮರಳಿ ಕೊಡಲು ಬಂದವರು

ಈ ಬರವನ್ನು ನೀಗಲು ಮೊದಲು ಕೈಹಾಕಿದವರಲ್ಲಿ ಒಬ್ಬರು ಹವಾಯಿಯವರೇ ಅಲ್ಲ. ಅಮೆರಿಕದ ಓಹಾಯೋ ರಾಜ್ಯದ ಲೈಮಾ ಎಂಬ ಊರಿನಲ್ಲಿ 1920ರಲ್ಲಿ ಹುಟ್ಟಿದ ಜೆರ್ರಿ ಬರ್ಡ್, ಬಾಲ್ಯದಲ್ಲಿ ಕೇಳಿದ ಹವಾಯಿ ವಾದನಕ್ಕೆ ಮಾರುಹೋಗಿ ಅದನ್ನೇ ಬದುಕಾಗಿಸಿಕೊಂಡವರು. ನ್ಯಾಶ್‌ವಿಲ್ಲಿನಲ್ಲಿ ದೊಡ್ಡ ಹೆಸರು ಮಾಡಿದ್ದರೂ ಅದನ್ನು ಬಿಟ್ಟು 1972ರಲ್ಲಿ ಹವಾಯಿಗೆ ಬಂದು ನೆಲೆಸಿದರು. ಆ ನೆಲದಿಂದ ಕಲಿತದ್ದನ್ನು ಆ ನೆಲದ ಎಳೆಯರಿಗೆ ಹಿಂದಿರುಗಿಸಬೇಕು ಎಂಬುದೇ ಅವರ ಹಂಬಲ. 2005ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅಲನ್ ಅಕಾಕ, ಗ್ರೆಗ್ ಸಾರ್ಡಿನಾ, ಓವಾನಾ ಸಲಜಾರ್ ಮುಂತಾದವರು ಅವರ ಬಳಿ ಕಲಿತು ಮುಂದೆ ಹೆಸರಾದರು.

1985ರಲ್ಲಿ ಕೆನಡಾದ ಲೊರೀನ್ ರೂಯ್ಮರ್ ಎಂಬ ಮಹಿಳೆ ಹವಾಯಿಯನ್ ಸ್ಟೀಲ್ ಗಿಟಾರ್ ಸಂಘವನ್ನು ಹುಟ್ಟುಹಾಕಿದರು. ದೇಶ ದೇಶಗಳಲ್ಲಿ ಚೆದುರಿದ್ದ ವಾದಕರನ್ನೂ ರಸಿಕರನ್ನೂ ಒಂದೆಡೆ ಸೇರಿಸಿದ ಈ ಸಂಘ ಎಳೆಯ ಕಲಿಯುವವರ ಪಾಠಕ್ಕೆ ಧನಸಹಾಯವನ್ನೂ ಕೊಡುತ್ತ ಬಂದಿದೆ. ರೂಯ್ಮರ್ 1996ರಲ್ಲಿ ಹೊರತಂದ ದೊಡ್ಡ ಪುಸ್ತಕ ಹವಾಯಿಯ ಹಿರಿಯ ವಾದಕರ ಬದುಕನ್ನೂ ಶ್ರುತಿಗಳನ್ನೂ ದಾಖಲಿಸಿತು. ಗುಟ್ಟಾಗಿದ್ದದ್ದು ಹೀಗೆ ಎಲ್ಲರ ಸ್ವತ್ತಾಯಿತು.

ಬರ್ಡ್ ಅವರ ಶಿಷ್ಯರಾದ ಅಲನ್ ಅಕಾಕ ಇವತ್ತಿನ ಮುಖ್ಯ ಕೊಂಡಿ. ಕೆಕುಕು ಓದಿದ ಕಮೆಹಮೆಹಾ ಶಾಲೆಯ ಹಳೆಯ ವಿದ್ಯಾರ್ಥಿ ಇವರು. ಬಹುಕಾಲ ಅಮೆರಿಕದ ಸೆನೆಟರ್ ಆಗಿದ್ದ ಡೇನಿಯಲ್ ಅಕಾಕ ಅವರ ಮಗ. ಒವಾಹು ದ್ವೀಪದ ಕೈಲುವಾ ಊರಿನಲ್ಲಿ ಇವರು ಕಟ್ಟಿದ ‘ಕೆ ಕುಲ ಮೆಲೆ ಹವಾಯಿ’ ಎಂಬ ಸಂಗೀತ ಶಾಲೆಯಲ್ಲಿ ಶಾಲಾಮಕ್ಕಳು ಬಂದು ಸ್ಟೀಲ್ ಗಿಟಾರ್ ಕಲಿಯುತ್ತಾರೆ. ಕಲಿತ ಮಕ್ಕಳು ಹೊನೊಲುಲು, ಮಾವಿಗಳಲ್ಲಿ ನಡೆಯುವ ಸ್ಟೀಲ್ ಗಿಟಾರ್ ಉತ್ಸವಗಳಲ್ಲಿ ಹಿರಿಯರ ಜೊತೆ ವೇದಿಕೆ ಏರುತ್ತಾರೆ. ತನ್ನ ವಯಸ್ಸಿನವನೇ ನುಡಿಸುವುದನ್ನು ಕಂಡ ಇನ್ನೊಂದು ಮಗು ಮನೆಗೆ ಹೋಗಿ ‘ನನಗೂ ಬೇಕು’ ಎಂದು ಹಟ ಹಿಡಿಯಲು ಇದಕ್ಕಿಂತ ದೊಡ್ಡ ಪ್ರಚೋದನೆ ಬೇರೇನು ಬೇಕು?

ಶಾಲೆಯ ಬಾಗಿಲು ಎಷ್ಟು ತೆರೆದಿದೆ?

ಕಾನೂನಿನ ಮಟ್ಟಿಗೆ ಬಾಗಿಲು ತೆರೆದೇ ಇದೆ. 1978ರಲ್ಲಿ ಹವಾಯಿ ತನ್ನ ರಾಜ್ಯಸಂವಿಧಾನವನ್ನು ತಿದ್ದಿ ಹವಾಯಿ ನುಡಿಯನ್ನು ಇಂಗ್ಲಿಷಿನ ಜೊತೆ ಅಧಿಕೃತ ಭಾಷೆ ಮಾಡಿತು. ಸರ್ಕಾರಿ ಶಾಲೆಗಳಲ್ಲಿ ಹವಾಯಿಯ ಭಾಷೆ, ಸಂಸ್ಕೃತಿ, ಇತಿಹಾಸಗಳನ್ನು ಕಲಿಸಲು ಏರ್ಪಾಡು ಮಾಡಬೇಕೆಂದು ವಿಧಿಸಿತು. ಆ ಮೇಲೆ ಬಂದದ್ದೇ ಊರಿನ ಹಿರಿಯರನ್ನು ತರಗತಿಗೆ ಕರೆತರುವ ಯೋಜನೆ. ‘ಕೂಪುನ’ ಎಂದರೆ ಅಜ್ಜ-ಅಜ್ಜಿ, ಹಿರಿಯರು. ಬಿ.ಎಡ್. ಪದವಿಯಿಲ್ಲದ ಅಜ್ಜಿ ತನಗೆ ಗೊತ್ತಿರುವ ಹಾಡು, ಕಥೆ, ಮಾತುಗಳನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತಾಳೆ. 1987ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದಲ್ಲೇ ಪಾಠ ನಡೆಯುತ್ತಿದೆ.

ಹಾಡು ಬಂತು, ಉಕುಲೇಲೆಯೂ ಬಂತು. ಸ್ಟೀಲ್ ಗಿಟಾರ್ ಮಾತ್ರ ಹಿಂದೆ ಉಳಿಯಿತು. ಕಾರಣ ಸರಳ. ಉಕುಲೇಲೆ ಅಗ್ಗ, ಹಗುರ, ನಾಲ್ಕೇ ತಂತಿ. ಮೂವತ್ತು ಮಕ್ಕಳಿಗೆ ಮೂವತ್ತು ಕೊಡಿಸಬಹುದು. ಸ್ಟೀಲ್ ಗಿಟಾರಿಗಾದರೋ ವಾದ್ಯ, ಸರಳು, ನಖಿ, ಎಲೆಕ್ಟ್ರಿಕ್ ಆದರೆ ಧ್ವನಿವರ್ಧಕ, ಅದಕ್ಕೊಂದು ವಿದ್ಯುತ್ ಬಿಂದು ಎಲ್ಲ ಬೇಕು. ಮೂವತ್ತು ಮಕ್ಕಳು ಒಟ್ಟಿಗೆ ಜಾರಿಸಿದರೆ ಎದ್ದೇಳುವ ಗದ್ದಲವನ್ನು ಯಾರು ಬೇಕಾದರೂ ಊಹಿಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕಲಿಸುವವರು ಬೇಕು. 2015ರಲ್ಲಿ ಹವಾಯಿ ಸರ್ಕಾರ ರಾಜ್ಯದ ಅಧಿಕೃತ ವಾದ್ಯಗಳನ್ನು ಘೋಷಿಸಿದಾಗ ಆ ಮಾನ ಸಿಕ್ಕಿದ್ದು ಉಕುಲೇಲೆಗೆ ಮತ್ತು ‘ಪಹು’ ಎಂಬ ಪುರಾತನ ಚರ್ಮವಾದ್ಯಕ್ಕೆ. ಹವಾಯಿಯಲ್ಲೇ ಹುಟ್ಟಿದ ಸ್ಟೀಲ್ ಗಿಟಾರಿಗಲ್ಲ!

ಹಾಗೆಂದು ದಾರಿ ಮುಚ್ಚಿಲ್ಲ. ಪರಿಚಯಕ್ಕೆ ದುಬಾರಿ ವಾದ್ಯವೇ ಬೇಕೆಂದಿಲ್ಲ. ಮಾಮೂಲು ಗಿಟಾರಿನ ತುದಿಯಲ್ಲಿ ತಂತಿಗಳನ್ನು ಎತ್ತರಿಸುವ ಒಂದು ಲೋಹದ ಪಟ್ಟಿ ಕೂರಿಸಿದರೆ ಅದೇ ಸ್ಟೀಲ್ ಗಿಟಾರಾಗುತ್ತದೆ. ಕೆಕುಕು ಮಾಡಿದ್ದೂ ಇದನ್ನೇ. ಒಂದೇ ವಾದ್ಯವಿದ್ದರೂ ಉಕುಲೇಲೆ ಹಿಡಿದ ಮಕ್ಕಳು ತಾಳ ಹಿಡಿಯಬಹುದು, ಕೆಲವರು ಹಾಡಬಹುದು, ಸರದಿಯಂತೆ ಒಬ್ಬೊಬ್ಬರು ಸರಳು ಹಿಡಿಯಬಹುದು. ಹವಾಯಿ ಸಂಗೀತದಲ್ಲಿ ಸ್ಟೀಲ್ ಗಿಟಾರಿನ ಕೆಲಸವೂ ಅದೇ: ಹಾಡಿನ ಸಾಲುಗಳ ನಡುವೆ ಬಿಡುವು ಸಿಕ್ಕಲ್ಲಿ ಮಾತ್ರ ಮಾತಾಡುವುದು, ಹಾಡುವವರು ಹಾಡುವಾಗ ಹಿಂದೆ ಸರಿಯುವುದು. ಮಕ್ಕಳಿಗೆ ಇದು ಸಂಗೀತದಾಚೆಗೂ ಒದಗುವ ಪಾಠ.

ಕಲ್ಕತ್ತೆಯಿಂದ ಬೆಂಗಳೂರಿಗೆ

ಭಾರತಕ್ಕೆ ಈ ನಾದ ಬಂದದ್ದು ಮುಖ್ಯವಾಗಿ ಕಲ್ಕತ್ತೆಯ ಮೂಲಕ. ಕೆಕುಕುವಿನ ಲಾಯಿಯೆ ಹಳ್ಳಿಯಲ್ಲೇ ಬೆಳೆದ ಟಾವು ಮೊಯೆ, ಸಂಸಾರವನ್ನೇ ಸಂಗೀತ ತಂಡವಾಗಿಸಿಕೊಂಡು ದಶಕಗಳ ಕಾಲ ಲೋಕ ಸುತ್ತಿದವರು. 1940ರ ದಶಕದಲ್ಲಿ ಕೆಲವು ವರ್ಷ ಕಲ್ಕತ್ತೆಯಲ್ಲಿ ನೆಲೆಸಿದ್ದರು. ಅಲ್ಲಿ ಗಾರ್ನಿ ನಿಸ್ ಅವರ ‘ಅಲೋಹಾ ಬಾಯ್ಸ್’ ತಂಡವೂ ಜನಪ್ರಿಯವಾಗಿತ್ತು. ಮುಂದೆ ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಮುಂತಾದವರ ತಟ್ಟೆಗಳಲ್ಲಿ ಅದು ಚಿತ್ರಗೀತೆಗಳನ್ನು ಹಾಡಿತು. ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಸಂತೂರ್, ಕೊಳಲುಗಳ ಜೊತೆ ಕೇಳುವುದು ಅವರದೇ ಗಿಟಾರ್. ವಿಶ್ವಮೋಹನ ಭಟ್ಟರು ಅದಕ್ಕೆ ಇನ್ನಷ್ಟು ತಂತಿ ಸೇರಿಸಿ ‘ಮೋಹನವೀಣೆ’ ಮಾಡಿದರು. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಅವರು ಇದೇ ಬಗೆಯ ಗಿಟಾರಿನಲ್ಲಿ ರಾಗ ನುಡಿಸುತ್ತಾರೆ.

ಭಾರತಕ್ಕೆ ಇದು ಇಷ್ಟು ಬೇಗ ಒಗ್ಗಿದ್ದೇಕೆ? ಮರದ ತುಂಡನ್ನು ತಂತಿಯ ಮೇಲೆ ಜಾರಿಸುವ ಗೋಟುವಾದ್ಯ ಇಲ್ಲಿತ್ತು, ಗಾಜಿನ ಗುಂಡು ಜಾರಿಸುವ ವಿಚಿತ್ರವೀಣೆ ಉತ್ತರದಲ್ಲಿತ್ತು. ಗಮಕವಿಲ್ಲದೆ ಸಂಗೀತವಿಲ್ಲ ಎನ್ನುವ ಕಿವಿಗೆ ಜಾರುವ ಸ್ವರ ಪರಕೀಯವಾಗಿ ಕೇಳಲಿಲ್ಲ. ಆದರೆ ಇಂದು ಗೋಟುವಾದ್ಯವನ್ನು ಕಣ್ಣಾರೆ ಕಂಡಿರುವ ಶಾಲಾಮಕ್ಕಳು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಹೇಳಲು ಮುಜುಗರವಾದೀತು. ಹವಾಯಿಯ ಸಮಸ್ಯೆ ಹವಾಯಿಗಷ್ಟೇ ಸೇರಿದ್ದಲ್ಲ.

ಲಾಯಿಯೆಯಲ್ಲಿ ಈಗ ಕೆಕುಕುವಿನ ಕಂಚಿನ ಪ್ರತಿಮೆಯಿದೆ. ಊರಿನ ಜನ ತಮ್ಮ ಹುಡುಗನನ್ನು ಮರೆತಿಲ್ಲ ಎನ್ನುವುದಕ್ಕೆ ಅದು ಗುರುತು. ಆದರೆ ಪ್ರತಿಮೆ ನುಡಿಸುವುದಿಲ್ಲ. ವಾದ್ಯ ಬದುಕುವುದು ಮೂರನೆಯ ತರಗತಿಯ ಮಗುವೊಂದು ಉಕ್ಕಿನ ಸರಳನ್ನು ತಂತಿಯ ಮೇಲಿಟ್ಟು, ತಪ್ಪು ಜಾಗದಲ್ಲಿ ನಿಲ್ಲಿಸಿ, ಮುಖ ಸಿಂಡರಿಸಿ, ಕೂದಲೆಳೆಯಷ್ಟು ಮುಂದೆ ಸರಿಸಿ, ಈಗ ಸರಿಯಾಯಿತು ಎಂದು ತಾನೇ ಕಂಡುಕೊಂಡಾಗ. ನೂರಮೂವತ್ತು ವರ್ಷಕ್ಕೂ ಹಿಂದೆ ಕೆಕುಕು ಮಾಡಿದ್ದೂ ಅದನ್ನೇ. ಅವನಿಗೆ ಕಲಿಸುವವರು ಯಾರೂ ಇರಲಿಲ್ಲ. ಇಂದಿನ ಮಕ್ಕಳಿಗೆ ಆ ಕಷ್ಟವಿರಬಾರದು ಎಂಬುದಷ್ಟೇ ಈ ಎಲ್ಲ ಪ್ರಯತ್ನಗಳ ಹಿಂದಿರುವ ಆಸೆ.